ಯಾವ ಕಂಪನಿ ವಾಕ್‌ಮನ್ ಬೇಕ್ರಿ? ಬ್ರ್ಯಾಂಡ್ ಹೆಸರು ಬಳಕೆಯ ಮಾತಾಗುವ ಬಗೆ

ಕ್ಯಾಸೆಟ್ ಕಾಲದಲ್ಲಿ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಅಂಗಡಿಗೆ ಹೋಗಿ ‘ಒಂದ ವಾಕ್‌ಮನ್ ತೋರಸ್ರಿ’ ಎಂದರೆ ಅಂಗಡಿಯವರು ತಿರುಗಿ ಕೇಳುತ್ತಿದ್ದುದು ‘ಯಾವ ಕಂಪನೀದು ಬೇಕ್ರಿ?’ ಎಂದು. ಕೇಳಿದವರಿಗಾಗಲಿ ಕೇಳಿಸಿಕೊಂಡವರಿಗಾಗಲಿ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಕಾಗದದ ಮೇಲೆ ನೋಡಿದರೆ ಆ ಪ್ರಶ್ನೆಗೆ ಅರ್ಥವೇ ಇಲ್ಲ. ವಾಕ್‌ಮನ್ ಎಂಬುದು ಜಪಾನಿನ ಸೋನಿ ಕಂಪನಿ ತನ್ನ ಒಂದು ಸರಕಿಗೆ ಇಟ್ಟುಕೊಂಡ ಹೆಸರು. ಬೇರೆ ಕಂಪನಿಯ ವಾಕ್‌ಮನ್ ಇರಲು ಬರುವುದಿಲ್ಲ. ‘ಯಾವ ಕಂಪನಿ ಬಜಾಜ್ ಬೇಕ್ರಿ?’ ಎಂದು ಯಾರಾದರೂ ಕೇಳಿದರೆ ನಗು ಬರುತ್ತದೆ. ‘ಯಾವ ಕಂಪನಿ ವಾಕ್‌ಮನ್?’ ಎಂದರೆ ಬರುವುದಿಲ್ಲ. ಒಂದು ಹೆಸರು ಕಂಪನಿಯ ಕೈಯಲ್ಲಿ ಉಳಿದಿದೆಯೋ, ಊರಿನ ಬಾಯಿಗೆ ಹೋಗಿದೆಯೋ ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಹಳೆಯ ಯಂತ್ರದ ಈ ಮಾತು ಈಗೇಕೆ ಎಂದರೆ, ಧಾರವಾಡ, ಗದಗ, ಹಾವೇರಿ ಕಡೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಖಾರಪುಡಿ, ಉಪ್ಪಿನಕಾಯಿ ಮಾಡಿ ಪಾಕೀಟಿನ ಮೇಲೆ ಸ್ವಂತ ಹೆಸರು ಅಚ್ಚು ಹಾಕಿಸಿ ಮಾರುವ ಮನೆಗಳು, ಮಹಿಳಾ ಸಂಘಗಳು ಬೇಕಾದಷ್ಟಿವೆ. ಆನ್‌ಲೈನ್ ಮಾರಾಟಕ್ಕೆ ಇಳಿದ ಕೂಡಲೇ ‘ಟ್ರೇಡ್‌ಮಾರ್ಕ್ ಮಾಡಿಸೀರೇನು?’ ಎಂಬ ಪ್ರಶ್ನೆ ಬರುತ್ತದೆ. ಹೆಸರನ್ನು ನೋಂದಾಯಿಸುವುದು ಹೇಗೆ ಎಂದು ಏಜೆಂಟರು ಹೇಳಿಕೊಡುತ್ತಾರೆ. ನೋಂದಾಯಿಸಿದ ಹೆಸರು ಆಮೇಲೆ ಕೈತಪ್ಪಿ ಹೋಗುವುದು ಹೇಗೆ ಎಂಬುದನ್ನು ಹೇಳುವವರು ಕಡಿಮೆ.

ಟ್ರೇಡ್‌ಮಾರ್ಕ್ ಎಂದರೆ

ಪಾಕೀಟಿನ ಮೇಲೆ ಎರಡು ಬಗೆಯ ಹೆಸರು ಇರುತ್ತವೆ. ಒಂದು, ಒಳಗೆ ಏನಿದೆ ಎಂದು ಹೇಳುವ ಹೆಸರು: ಅರಿಷಿಣ ಪುಡಿ, ಸಾಬೂನು, ಟೂತ್‌ಪೇಸ್ಟ್. ಅದು ಎಲ್ಲರದು. ಇನ್ನೊಂದು, ಅದನ್ನು ಮಾಡಿದವರು ಯಾರು ಎಂದು ಹೇಳುವ ಹೆಸರು. ಅದು ಒಬ್ಬರದು. ಈ ಎರಡನೆಯದೇ ಟ್ರೇಡ್‌ಮಾರ್ಕ್. ಪದವೇ ಆಗಬೇಕೆಂದಿಲ್ಲ, ಚಿತ್ರ, ಅಕ್ಷರದ ವಿನ್ಯಾಸ, ಬಣ್ಣಗಳ ಜೋಡಣೆಯೂ ಆಗಬಹುದು. ಕಾನೂನು ಅದನ್ನು ಕಾಯುವುದು ಮಾಲೀಕನ ಲಾಭಕ್ಕಷ್ಟೇ ಅಲ್ಲ. ಹೋದ ತಿಂಗಳು ಒಯ್ದ ಚಟ್ನಿ ರುಚಿಯಾಗಿತ್ತು, ಅದೇ ಬೇಕು ಎಂದು ಬಂದ ಗಿರಾಕಿಗೆ ಅದೇ ಸಿಗಬೇಕು, ಅದಕ್ಕೆ.

ಹೆಸರು ಕೈತಪ್ಪುವುದು ಎಂದರೆ ಎರಡನೆಯ ಸಾಲಿನ ಹೆಸರು ಮೊದಲ ಸಾಲಿಗೆ ಹೋಗಿ ಕುಳಿತುಕೊಳ್ಳುವುದು. ಹೊಲದಲ್ಲಿ ಹಾಯ್ದು ಹೋಗುವ ದಾರಿಯ ವ್ಯಾಜ್ಯ ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಹೊಲ ನಿಮ್ಮದೇ, ಉತಾರವೂ ನಿಮ್ಮ ಹೆಸರಿನಲ್ಲೇ ಇದೆ. ಆದರೆ ಮಂದಿ ವರ್ಷಗಟ್ಟಲೆ ಅದರೊಳಗೆ ಬಂಡಿ ಹೊಡೆದರು, ನೀವು ಸುಮ್ಮನಿದ್ದಿರಿ. ಕೊನೆಗೊಂದು ದಿನ ಬೇಲಿ ಹಾಕಲು ಹೋದರೆ ‘ಇದು ವಹಿವಾಟಿನ ದಾರಿ’ ಎನ್ನುತ್ತಾರೆ, ಕೋರ್ಟೂ ಅವರ ಮಾತನ್ನು ಕೇಳುತ್ತದೆ. ಇಲ್ಲಿ ಎರಡು ಸಂಗತಿ ಕೂಡಿವೆ: ಮಂದಿಗೆ ಹೋಗಲು ಬೇರೆ ದಾರಿ ಇರಲಿಲ್ಲ, ಮಾಲೀಕ ತಡೆಯಲಿಲ್ಲ. ವಾಕ್‌ಮನ್ ವಿಷಯದಲ್ಲೂ ಈ ಎರಡೇ ಕೆಲಸ ಮಾಡಿದವು.

ಒಂದು ಪೆಟ್ಟಿಗೆ, ನಾಲ್ಕು ಹೆಸರು

ಸೋನಿ ಮೊದಲ ವಾಕ್‌ಮನ್ ಅನ್ನು ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟದ್ದು 1979ರ ಜುಲೈ 1ರಂದು. ಮಾದರಿಯ ಹೆಸರು ಟಿಪಿಎಸ್-ಎಲ್2, ಬೆಲೆ 33,000 ಯೆನ್. ಅದು ಪೂರ್ತಿ ಹೊಸ ಯಂತ್ರವೇನೂ ಆಗಿರಲಿಲ್ಲ. ಪತ್ರಕರ್ತರಿಗೆಂದು ಸೋನಿ ಮಾಡುತ್ತಿದ್ದ ‘ಪ್ರೆಸ್‌ಮನ್’ ಎಂಬ ಸಣ್ಣ ರೆಕಾರ್ಡರಿನಿಂದ ಧ್ವನಿಮುದ್ರಣದ ಭಾಗವನ್ನೂ ಸ್ಪೀಕರನ್ನೂ ತೆಗೆದು, ಸ್ಟೀರಿಯೋ ಕೇಳಿಸುವ ಸರ್ಕಿಟ್ ಕೂರಿಸಿ, ಜೊತೆಗೊಂದು ಹಗುರ ಹೆಡ್‌ಫೋನ್ ಕೊಟ್ಟರು. ವಿಮಾನದಲ್ಲಿ ಸಂಗೀತ ಕೇಳಲು ಇಂಥದೊಂದು ಬೇಕು ಎಂದು ಕೇಳಿದವರು ಸಂಸ್ಥಾಪಕರಲ್ಲಿ ಒಬ್ಬರಾದ ಮಸಾರು ಇಬುಕಾ. ಪಟ್ಟು ಹಿಡಿದು ಅದನ್ನು ಮಾರುಕಟ್ಟೆಗೆ ತಂದವರು ಇನ್ನೊಬ್ಬ ಸಂಸ್ಥಾಪಕ ಅಕಿಯೋ ಮೊರಿಟಾ. ರೆಕಾರ್ಡ್ ಮಾಡಲು ಬಾರದ ಟೇಪನ್ನು ಯಾರು ಕೊಳ್ಳುತ್ತಾರೆ ಎಂದು ಕಂಪನಿಯೊಳಗೇ ಗೊಣಗಾಟವಿತ್ತು. ಮೊದಲ ಕಂತಿನಲ್ಲಿ 30,000 ಮಾಡಿದ್ದರು. ಜುಲೈನಲ್ಲಿ ಹೋದದ್ದು ಸುಮಾರು 3,000 ಮಾತ್ರ. ಆಗಸ್ಟ್ ಮುಗಿಯುವಷ್ಟರಲ್ಲಿ ಎಲ್ಲವೂ ಖಾಲಿ.

ಹೆಸರಿನ ಬಗ್ಗೆ ಸೋನಿಗೇ ಧೈರ್ಯವಿರಲಿಲ್ಲ. ‘ವಾಕ್‌ಮನ್’ ಎಂಬುದು ಇಂಗ್ಲಿಷ್ ವ್ಯಾಕರಣಕ್ಕೆ ಒಗ್ಗದ ಜೋಡಣೆ ಎಂದು ಅಮೆರಿಕದಲ್ಲಿ ‘ಸೌಂಡ್‌ಅಬೌಟ್’, ಬ್ರಿಟನ್ನಿನಲ್ಲಿ ‘ಸ್ಟೋಅವೇ’, ಸ್ವೀಡನ್ನಿನಲ್ಲಿ ‘ಫ್ರೀಸ್ಟೈಲ್’ ಎಂದು ಹೆಸರಿಟ್ಟು ಮಾರಿದರು. ಜಪಾನಿಗೆ ಹೋಗಿಬಂದವರು ವಾಕ್‌ಮನ್ ಎಂಬ ಹೆಸರನ್ನೇ ಊರೂರಿಗೆ ಹರಡಿದರು. ಸ್ವಲ್ಪ ಕಾಲದಲ್ಲೇ ಕಂಪನಿಯೂ ಎಲ್ಲ ಕಡೆ ಅದನ್ನೇ ಇಟ್ಟುಕೊಂಡಿತು.

ಹೆಸರು ಜಾರಲು ಯಂತ್ರದ ರಚನೆಯೂ ಒಂದು ಕಾರಣ. ಅದನ್ನು ಸ್ವಲ್ಪ ಬಿಚ್ಚಿ ನೋಡಬೇಕು. ವಾಕ್‌ಮನ್ ಸೋನಿಯದು, ಆದರೆ ಅದರೊಳಗೆ ಹಾಕುವ ಕ್ಯಾಸೆಟ್ ಸೋನಿಯದಲ್ಲ. ಅದು 1963ರಲ್ಲಿ ಫಿಲಿಪ್ಸ್ ತಂದದ್ದು, ಆಮೇಲೆ ಎಲ್ಲ ಕಂಪನಿಗಳೂ ಮಾಡಲು ಬಿಟ್ಟುಕೊಟ್ಟದ್ದು. ಟೇಪಿನ ಅಗಲ 3.81 ಮಿಲಿಮೀಟರ್, ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್, ಯಾರು ಮಾಡಿದರೂ ಅಷ್ಟೇ. ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿ, ಅಂದರೆ 30 ನಿಮಿಷ, ಹಾಡಲು ಸುಮಾರು 86 ಮೀಟರ್ ಟೇಪು ಓಡಬೇಕು. ಹೀಗಾಗಿ ಎಲ್ಲ ಕಂಪನಿಗಳ ಪ್ಲೇಯರಿನ ಒಳಗೂ ಅವೇ ಭಾಗಗಳು: ಎರಡು ಪೆನ್ಸಿಲ್ ಸೆಲ್ಲಿನಿಂದ ತಿರುಗುವ ಪುಟ್ಟ ಮೋಟರು, ಒಂದು ರಬ್ಬರ್ ಬೆಲ್ಟು, ಟೇಪನ್ನು ಎಳೆಯುವ ತೆಳ್ಳಗಿನ ಉಕ್ಕಿನ ಕಡ್ಡಿ, ಅದಕ್ಕೆ ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ರೋಲರ್, ಟೇಪನ್ನು ಓದುವ ಹೆಡ್ಡು.

ಕೆಡುವುದೂ ಎಲ್ಲದರಲ್ಲಿ ಒಂದೇ ರೀತಿ. ಬೆಲ್ಟು ಸಡಿಲಾದರೆ ಅಥವಾ ಸೆಲ್ಲು ಇಳಿದರೆ ಹಾಡು ಎಳೆಎಳೆದು ಬರುತ್ತದೆ, ಹೆಣ್ಣು ದನಿ ಗಂಡು ದನಿಯಾಗುತ್ತದೆ. ರೋಲರಿಗೆ ಟೇಪಿನ ಕಂದುಪುಡಿ ಹತ್ತಿದರೆ ಅದು ಟೇಪನ್ನು ಸುತ್ತಿಕೊಂಡು ನುಂಗುತ್ತದೆ. ಆಗ ಟೇಪನ್ನು ಹರಿಯದಂತೆ ಬಿಡಿಸಿ, ಕ್ಯಾಸೆಟ್ಟಿನ ಹಲ್ಲಿಗೆ ಪೆನ್ಸಿಲ್ ತೂರಿಸಿ ಸುತ್ತಬೇಕು. ಹೆಡ್ಡಿಗೆ ಕೊಳೆ ಹತ್ತಿದರೆ ತಾಳದ ಸಣ್ಣ ನಾದ ಮಾಯವಾಗಿ, ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದರೆ ಸರಿಹೋಗುತ್ತದೆ. ಒಂದು ಕಂಪನಿಯದನ್ನು ರಿಪೇರಿ ಮಾಡಲು ಬಂದರೆ ಎಲ್ಲ ಕಂಪನಿಯದನ್ನೂ ಮಾಡಲು ಬಂದಂತೆ. ಆದ್ದರಿಂದ ರಿಪೇರಿಯವರ ಬೋರ್ಡಿನ ಮೇಲೆ ‘ಟೇಪ್, ರೇಡಿಯೋ, ವಾಕ್‌ಮನ್ ರಿಪೇರಿ’ ಎಂದು ಬಂತು. ಒಳಗಿನದು ಒಂದೇ ಆದಾಗ ಜನ ಹೊರಗಿನದಕ್ಕೆ ನಾಲ್ಕು ಹೆಸರು ಕಲಿಯುವುದಿಲ್ಲ.

ಪ್ರತಿಸ್ಪರ್ಧಿಗಳಿಗೆ ಮಾತ್ರ ವಾಕ್‌ಮನ್ ಎಂದು ಬರೆಯುವ ಹಾಗಿರಲಿಲ್ಲ. ತೋಷಿಬಾ ತನ್ನದಕ್ಕೆ ‘ವಾಕಿ’ ಎಂದಿತು, ಐವಾ ‘ಕ್ಯಾಸೆಟ್‌ಬಾಯ್’ ಎಂದಿತು. ಪೆಟ್ಟಿಗೆಯ ಮೇಲೆ ಬೇರೆ ಹೆಸರು, ಗಿರಾಕಿಯ ಬಾಯಲ್ಲಿ ವಾಕ್‌ಮನ್.

ವಸ್ತುವಿಗೆ ಸ್ವಂತ ಹೆಸರೇ ಇರಲಿಲ್ಲ

ವಾಕ್‌ಮನ್ ಬರುವ ಮೊದಲು ಜೇಬಿನಲ್ಲಿಟ್ಟುಕೊಂಡು ನಡೆಯುತ್ತ ಹಾಡು ಕೇಳುವ ಯಂತ್ರಕ್ಕೆ ಯಾವ ಭಾಷೆಯಲ್ಲೂ ಸುಲಭದ ಪದ ಇರಲಿಲ್ಲ. ಅಂಥ ವಸ್ತುವೇ ಅಂಗಡಿಯಲ್ಲಿ ಇರಲಿಲ್ಲ. ಸೋನಿ ಇಟ್ಟುಕೊಂಡ ಸಾಮಾನ್ಯ ಹೆಸರು ‘ಪರ್ಸನಲ್ ಸ್ಟೀರಿಯೋ’. ‘ವಾಕ್‌ಮನ್ ಪರ್ಸನಲ್ ಸ್ಟೀರಿಯೋ’ ಎಂದು ಪೂರ್ತಿ ಹೇಳಬೇಕು, ವಾಕ್‌ಮನ್ ಎಂದಷ್ಟೇ ಹೇಳಬಾರದು ಎಂಬುದು ಕಂಪನಿಯ ಆಸೆ. ಬಾಯಿಗೆ ಯಾವುದು ಸಲೀಸೋ ಅದನ್ನು ಜನ ಇಟ್ಟುಕೊಂಡರು. 1986ರಲ್ಲಿ ಅದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೂ ಸೇರಿತು.

ಹೆಸರು ಕಳೆದುಕೊಂಡ ಹಳೆಯ ಬ್ರ್ಯಾಂಡುಗಳನ್ನು ಸಾಲಾಗಿ ನೋಡಿದರೆ ಹೆಚ್ಚಿನವು ಇದೇ ಜಾತಿಯವು: ಹೊಸ ವಸ್ತು ತಂದವರು, ಅದಕ್ಕೆ ತಮ್ಮ ಬ್ರ್ಯಾಂಡ್ ಹೆಸರನ್ನು ಬಿಟ್ಟು ಬೇರೆ ಹೆಸರು ಕೊಡದೆ ಹೋದವರು. ಬಾಯರ್ ಕಂಪನಿಯ ಆಸ್ಪಿರಿನ್ ಅಮೆರಿಕದಲ್ಲಿ 1921ರಲ್ಲಿ ಜನಸಾಮಾನ್ಯರ ಮಟ್ಟಿಗೆ ಬ್ರ್ಯಾಂಡ್ ಆಗಿ ಉಳಿದಿಲ್ಲ ಎಂದು ತೀರ್ಪಾಯಿತು. ಆ ಮಾತ್ರೆಯ ರಾಸಾಯನಿಕ ಹೆಸರು ಅಸಿಟೈಲ್‌ಸ್ಯಾಲಿಸಿಲಿಕ್ ಆಸಿಡ್, ಅದನ್ನು ಯಾವ ರೋಗಿ ಹೇಳಿಯಾನು? ಓಟಿಸ್ ಕಂಪನಿಯ ಎಸ್ಕಲೇಟರ್ 1950ರಲ್ಲಿ ಹೋಯಿತು. ಬಿಸಿ ಚಹಾದ ಥರ್ಮೋಸ್ 1963ರಲ್ಲಿ ಅಮೆರಿಕದಲ್ಲಿ ಹೆಚ್ಚುಕಡಿಮೆ ಎಲ್ಲರ ಪದವಾಯಿತು. ನಮ್ಮ ರೇಷನ್ ಅಂಗಡಿಗಳಲ್ಲಿ ದೊರೆಯುತ್ತಿದ್ದ ಕೆರೋಸಿನ್ ಕೂಡ 1854ರಲ್ಲಿ ಅಬ್ರಹಾಂ ಗೆಸ್ನರ್ ನೋಂದಾಯಿಸಿದ್ದ ಹೆಸರು.

ಆಸ್ಟ್ರಿಯಾದಲ್ಲಿ ಸೋತ ಬಗೆ

ವಾಕ್‌ಮನ್ ವ್ಯಾಜ್ಯ ನಿರ್ಣಾಯಕವಾಗಿ ಮುಗಿದದ್ದು ಯುರೋಪಿನ ಆಸ್ಟ್ರಿಯಾದಲ್ಲಿ. ಅಲ್ಲಿ ಬೇರೊಂದು ಕಂಪನಿ ತನ್ನ ಪ್ಲೇಯರುಗಳನ್ನು ಮಾರುವಾಗ ‘ವಾಕ್‌ಮನ್’ ಪದ ಬಳಸಿತೆಂದು ಸೋನಿ ಕೋರ್ಟಿಗೆ ಹೋಯಿತು. 2002ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಸೋನಿಯ ವಿರುದ್ಧ ತೀರ್ಪು ಕೊಟ್ಟಿತು.

ಕೋರ್ಟಿನ ತರ್ಕವನ್ನು ಬಿಡಿಸಿದರೆ ಎರಡು ಎಳೆ. ಒಂದು, ಈ ಯಂತ್ರವನ್ನು ಕರೆಯಲು ಜರ್ಮನ್ ಮಾತನಾಡುವವರಿಗೆ ಅಷ್ಟೇ ಅನುಕೂಲದ ಬೇರೆ ಪದ ಇರಲಿಲ್ಲ. ‘ಒಯ್ಯಬಹುದಾದ ಕ್ಯಾಸೆಟ್ ಪ್ಲೇಯರ್’ ಎಂಬ ಉದ್ದ ವಿವರಣೆ ಇದ್ದೇ ಇತ್ತು, ಅಂಗಡಿಯಲ್ಲಿ ಹಾಗೆ ಕೇಳುವವರು ಯಾರು? ಎರಡು, ಜರ್ಮನ್ ಭಾಷೆಯ ಪ್ರಮಾಣ ನಿಘಂಟಾದ ‘ಡೂಡನ್’ 1994ರ ಆವೃತ್ತಿಯಲ್ಲಿ ವಾಕ್‌ಮನ್ ಪದವನ್ನು ಸೇರಿಸಿಕೊಂಡಾಗ ಇದು ಒಂದು ಕಂಪನಿಯ ಟ್ರೇಡ್‌ಮಾರ್ಕ್ ಎಂಬ ಸೂಚನೆ ಹಾಕಿರಲಿಲ್ಲ. ಅದನ್ನು ತಿದ್ದಿಸಲು ಸೋನಿ ಮುಂದಾಗಲಿಲ್ಲ. ಯುರೋಪ್ ಒಕ್ಕೂಟದ ಟ್ರೇಡ್‌ಮಾರ್ಕ್ ನಿಯಮದಲ್ಲಿ ಇದಕ್ಕೆಂದೇ ಒಂದು ಕಲಂ ಇದೆ: ನಿಘಂಟು ನಿಮ್ಮ ಬ್ರ್ಯಾಂಡನ್ನು ಸಾಮಾನ್ಯ ಪದವೆಂಬಂತೆ ಅಚ್ಚು ಹಾಕಿದರೆ, ಮುಂದಿನ ಆವೃತ್ತಿಯಲ್ಲಾದರೂ ‘ನೋಂದಾಯಿತ ಗುರುತು’ ಎಂದು ಸೂಚಿಸಿ ಎಂದು ಪ್ರಕಾಶಕರನ್ನು ಕೇಳಬಹುದು.

ಈ ತೀರ್ಪನ್ನು ಓದಿ ‘ವಾಕ್‌ಮನ್ ಈಗ ಯಾರು ಬೇಕಾದರೂ ಬಳಸಬಹುದಾದ ಹೆಸರು’ ಎಂದುಕೊಂಡರೆ ಕೈಸುಡುತ್ತದೆ. ಟ್ರೇಡ್‌ಮಾರ್ಕಿನ ಹಕ್ಕು ದೇಶ ದೇಶಕ್ಕೆ ಬೇರೆ. ಆಸ್ಟ್ರಿಯಾದ ತೀರ್ಪು ಆಸ್ಟ್ರಿಯಾಕ್ಕೆ. ಕ್ಯಾಸೆಟ್ ವಾಕ್‌ಮನ್ ತಯಾರಿಕೆಯನ್ನು ಸೋನಿ ಜಪಾನಿನಲ್ಲಿ 2010ರಲ್ಲಿ ನಿಲ್ಲಿಸಿತು, ಅದೇ ಹೆಸರಿನಲ್ಲಿ ಡಿಜಿಟಲ್ ಪ್ಲೇಯರುಗಳನ್ನು ಮಾರುವುದನ್ನು ನಿಲ್ಲಿಸಲಿಲ್ಲ.

ಸಪ್ತಾಪುರದ ಬೋರ್ಡುಗಳು

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಗದ್ದಲ. ಕೋಚಿಂಗ್ ಕ್ಲಾಸು ಎಷ್ಟೋ ‘ಝೆರಾಕ್ಸ್’ ಬೋರ್ಡುಗಳೂ ಅಷ್ಟೇ. ಒಳಗಿನ ಯಂತ್ರ ಕ್ಯಾನನ್ನೋ ರಿಕೋವೋ ಆಗಿರುತ್ತದೆ. ‘ಅಣ್ಣಾರ, ಇದರದ್ದು ಎರಡ ಝೆರಾಕ್ಸ್ ತಗೀರಿ’ ಎಂದರೆ ಕ್ಯಾನನ್ನಿನಿಂದಲೇ ಝೆರಾಕ್ಸ್ ಬರುತ್ತದೆ. ಸರ್ಕಾರಿ ಅರ್ಜಿಯಲ್ಲಿ ‘ನೆರಳಚ್ಚು ಪ್ರತಿ’ ಎಂದಿರುತ್ತದೆ, ಕೌಂಟರಿನಲ್ಲಿ ಹಾಗೆ ಕೇಳಿದವರನ್ನು ಅಂಗಡಿಯವರು ಒಮ್ಮೆ ಮೇಲೆ ಕೆಳಗೆ ನೋಡುತ್ತಾರೆ.

ಅಂದ ಮೇಲೆ ಝೆರಾಕ್ಸ್ ಭಾರತದಲ್ಲಿ ಹೋದ ಹೆಸರಲ್ಲವೇ? ಅಲ್ಲ. ಅದನ್ನು ನೋಂದಣಿ ಪುಸ್ತಕದಿಂದ ತೆಗೆಯಬೇಕು ಎಂಬ ಅರ್ಜಿಯನ್ನು ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ 2012ರಲ್ಲಿ ತಳ್ಳಿಹಾಕಿತು. (ಆ ಮಂಡಳಿ 2021ರಲ್ಲಿ ರದ್ದಾಯಿತು, ಈಗ ಇಂಥ ವ್ಯಾಜ್ಯಗಳು ಹೈಕೋರ್ಟಿಗೆ ಹೋಗುತ್ತವೆ.) ಝೆರಾಕ್ಸ್ ಕಂಪನಿ ದಶಕಗಳಿಂದ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ‘ನಮ್ಮ ಹೆಸರನ್ನು ಕ್ರಿಯಾಪದ ಮಾಡಬೇಡಿ, ಫೋಟೋಕಾಪಿ ಎನ್ನಿ’ ಎಂದು ಹೇಳುತ್ತಲೇ ಬಂದಿದೆ. ಜನ ಕೇಳಲಿಲ್ಲ ಎಂಬುದು ಬೇರೆ ಮಾತು. ಹೇಳಿದ್ದಕ್ಕೆ ದಾಖಲೆ ಇದೆ.

ಇಲ್ಲಿ ನಮ್ಮ ಕಾನೂನಿನ ಒಂದು ಸೂಕ್ಷ್ಮ ತಿಳಿಯಬೇಕು. ನಮ್ಮಲ್ಲಿ ನಡೆಯುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆ; ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಿಂದ. ಅದರ ಕಲಂ 36 ಹೇಳುವುದು ಹೀಗೆ: ನೋಂದಣಿಯಾದ ಮೇಲೆ ಆ ಪದವನ್ನು ವಸ್ತುವಿನ ಹೆಸರಾಗಿ ಬಳಸಿದರು ಎಂಬ ಒಂದೇ ಕಾರಣಕ್ಕೆ ನೋಂದಣಿ ಬಿದ್ದುಹೋಗುವುದಿಲ್ಲ. ಆದರೆ ಅದೇ ವ್ಯಾಪಾರದಲ್ಲಿ ಇರುವ, ಮಾಲೀಕನಿಗೆ ಸಂಬಂಧಪಡದ ವ್ಯಾಪಾರಿಗಳು ಆ ಪದವನ್ನು ವಸ್ತುವಿನ ಹೆಸರಾಗಿ ಬಳಸುವುದು ಎಲ್ಲರಿಗೂ ಗೊತ್ತಿರುವ, ಬೇರೂರಿದ ರೂಢಿಯಾಗಿದ್ದರೆ ಮಾತ್ರ ಅಪಾಯ. ಗಿರಾಕಿಯ ಬಾಯಿಗಿಂತ ವ್ಯಾಪಾರಿಯ ಬೋರ್ಡು, ಬಿಲ್ಲು, ಜಾಹೀರಾತು ಹೆಚ್ಚು ತೂಗುತ್ತವೆ. ಅಜ್ಜಿ ಯಾವ ಟೂತ್‌ಪೇಸ್ಟಿಗಾದರೂ ಕೋಲ್ಗೇಟ್ ಎನ್ನಲಿ, ಕಂಪನಿಗೆ ನಷ್ಟವಿಲ್ಲ. ಇನ್ನೊಂದು ಟೂತ್‌ಪೇಸ್ಟ್ ಕಂಪನಿ ತನ್ನ ಟ್ಯೂಬಿನ ಮೇಲೆ ‘ಕೋಲ್ಗೇಟ್’ ಎಂದು ಬರೆದು, ಅದನ್ನು ಯಾರೂ ಕೇಳದೆ ಬಿಟ್ಟರೆ ನಷ್ಟ.

ಯುರೋಪಿನಲ್ಲಿ ತಕ್ಕಡಿ ಬೇರೆ ಕಡೆ ವಾಲುತ್ತದೆ. ಅದಕ್ಕೂ ಆಸ್ಟ್ರಿಯಾದ್ದೇ ಉದಾಹರಣೆ ಇದೆ: ‘ಕಾರ್ನ್‌ಸ್ಪಿಟ್ಜ್’ ಎಂಬ ಬ್ರೆಡ್. ಹಿಟ್ಟಿನ ಮಿಶ್ರಣ ಮಾಡುವ ಬಾಕಲ್ಡ್ರಿನ್ ಕಂಪನಿಯ ಹೆಸರು ಅದು. ಬೇಕರಿಯವರಿಗೆ ಇದು ಟ್ರೇಡ್‌ಮಾರ್ಕ್ ಎಂದು ಗೊತ್ತಿತ್ತು, ಬ್ರೆಡ್ ಕೊಳ್ಳುವವರಿಗೆ ಗೊತ್ತಿರಲಿಲ್ಲ, ಬೇಕರಿಯವರು ಹೇಳಲೂ ಇಲ್ಲ. 2014ರಲ್ಲಿ ಯುರೋಪ್ ಒಕ್ಕೂಟದ ನ್ಯಾಯಾಲಯ, ಇಂಥ ಸಂದರ್ಭದಲ್ಲಿ ಕೊನೆಗೆ ತಿನ್ನುವವರು ಆ ಪದವನ್ನು ಏನೆಂದು ತಿಳಿಯುತ್ತಾರೆ ಎಂಬುದೇ ಮುಖ್ಯ, ಹೆಸರನ್ನು ಕಾಯಲು ಬೇಕರಿಯವರನ್ನು ಒತ್ತಾಯಿಸದೆ ಇರುವುದೂ ಮಾಲೀಕನ ನಿಷ್ಕ್ರಿಯತೆ ಆಗಬಹುದು ಎಂದಿತು.

ಇನ್ನು ‘ಗೂಗಲ್ ಮಾಡಿ ನೋಡು’ ಎಂಬ ಮಾತು. ಅದು ಕ್ರಿಯಾಪದವಾಗಿದೆ, ಆದ್ದರಿಂದ ಹೆಸರು ಹೋಗಿದೆ ಎಂದು ಅಮೆರಿಕದಲ್ಲಿ ದಾವೆ ಹೂಡಿದ್ದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಜನ ಕ್ರಿಯಾಪದ ಮಾಡಿಕೊಂಡರೂ, ‘ಸರ್ಚ್ ಎಂಜಿನ್’ ಎಂಬ ಸಾಮಾನ್ಯ ಪದ ಬೇರೆ ಇದೆ, ಗೂಗಲ್ ಎಂದರೆ ಅವುಗಳಲ್ಲಿ ಒಂದು ಎಂದು ಜನರಿಗೆ ಗೊತ್ತಿದೆ.

ಗಾಲಿ ಇದ್ದರೆ ಜೆಸಿಬಿ, ಚೈನ್ ಇದ್ದರೆ ಹಿಟಾಚಿ

ಹಾವೇರಿ ಕಡೆಯ ರೈತರು ‘ಜೆಸಿಬಿ ಹಚ್ಚಿ ಹೊಲ ಸಮ ಮಾಡಿಸಿದೆ’ ಎನ್ನುತ್ತಾರೆ. ಬಾಡಿಗೆಗೆ ಬಂದ ಹಳದಿ ಯಂತ್ರ ಯಾವ ಕಂಪನಿಯದಾದರೂ ಸರಿ. ಜೆಸಿಬಿ ಎಂಬುದು ಬ್ರಿಟನ್ನಿನ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬವರ ಹೆಸರಿನ ಮೊದಲಕ್ಷರಗಳು. ಯಂತ್ರದ ನಿಜವಾದ ಹೆಸರು ಬ್ಯಾಕ್‌ಹೋ ಲೋಡರ್. ಅದೇ ರೀತಿ, ಗಾಲಿಯ ಬದಲು ಚೈನಿನ ಮೇಲೆ ಹೋಗುವ ಎಕ್ಸ್‌ಕವೇಟರ್ ಬಂದರೆ ಅದು ‘ಹಿಟಾಚಿ’. ಕೆರೆಯ ಹೂಳೆತ್ತಲು ‘ಜೆಸಿಬಿ ಸಾಲಾಂಗಿಲ್ಲ, ಹಿಟಾಚಿ ಬೇಕು’ ಎಂದು ಗುತ್ತಿಗೆದಾರರು ಹೇಳುವಾಗ ಎರಡು ಕಂಪನಿಗಳನ್ನು ಹೋಲಿಸುತ್ತಿಲ್ಲ, ಎರಡು ಜಾತಿಯ ಯಂತ್ರಗಳನ್ನು ಹೇಳುತ್ತಿದ್ದಾರೆ. ತಮಾಷೆಯೆಂದರೆ ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲೇ ಇದೆ. ಜನರ ಈ ವಿಂಗಡಣೆ ಎಷ್ಟು ಕರಾರುವಾಕ್ಕು ನೋಡಿ: ಎರಡು ಬ್ರ್ಯಾಂಡುಗಳನ್ನು ತೆಗೆದುಕೊಂಡು ಇಂಜಿನಿಯರಿಂಗ್ ಪುಸ್ತಕ ಮಾಡುವ ವರ್ಗೀಕರಣವನ್ನೇ ಮಾಡಿದ್ದಾರೆ.

ಡಾಲ್ಡಾ ಇದಕ್ಕಿಂತ ಹಳೆಯದು. 1937ರಲ್ಲಿ ಬಂದ ವನಸ್ಪತಿಯ ಬ್ರ್ಯಾಂಡ್. ‘ಡಾಡಾ’ ಎಂಬ ಡಚ್ಚರ ಹೆಸರಿನ ನಡುವೆ ಲಿವರ್ ಕಂಪನಿ ತನ್ನ ‘ಲ’ ಸೇರಿಸಿ ಮಾಡಿದ್ದು. ಇವು ಯಾವುದೂ ಕಾನೂನಿನ ಕಣ್ಣಿನಲ್ಲಿ ಎಲ್ಲರ ಸ್ವತ್ತಾಗಿಲ್ಲ. ಮಾತಿನಲ್ಲಿ ಸಾಮಾನ್ಯ ಪದವಾಗುವುದು ಬೇರೆ, ನೋಂದಣಿ ಕಳೆದುಕೊಳ್ಳುವುದು ಬೇರೆ. ನಡುವೆ ಉದ್ದನೆಯ ದಾರಿ ಇದೆ.

ಚಟ್ನಿಪುಡಿಗೆ ಹೆಸರಿಡುವಾಗ

ಹೆಸರಿನ ಬಲ ಅದು ವಸ್ತುವಿನಿಂದ ಎಷ್ಟು ದೂರ ಇದೆ ಎಂಬುದರ ಮೇಲೆ ನಿಂತಿದೆ. ‘ಶೇಂಗಾ ಚಟ್ನಿ’ ಎಂಬುದನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಬರುವುದಿಲ್ಲ. ‘ಗಿರಮಿಟ್’ ಎಂಬ ಹೆಸರಿನಲ್ಲಿ ಗಿರಮಿಟ್ ಮಾರುವ ಏಕಸ್ವಾಮ್ಯ ಹುಬ್ಬಳ್ಳಿಯಲ್ಲಿ ಯಾರಿಗೂ ಸಿಗದು. ಅದೇ ಪದವನ್ನು ಚಪ್ಪಲಿಗೆ ಇಟ್ಟರೆ ಸಿಗಬಹುದು, ಏಕೆಂದರೆ ಚಪ್ಪಲಿಗೂ ಗಿರಮಿಟ್ಟಿಗೂ ಸಂಬಂಧವಿಲ್ಲ. ‘ಖಡಕ್ ಖಾರ’ದಂಥ ಗುಣ ಹೇಳುವ ಹೆಸರಿಗೆ ಕಲಂ 9ರ ಆಕ್ಷೇಪಣೆ ಬರುವುದು ಹೆಚ್ಚುಕಡಿಮೆ ಖಚಿತ. ಊರಿನ ಹೆಸರಿಗೂ ಅದೇ ಗತಿ. ಚಟ್ನಿಗೆ ‘ಝುಮಕಿ’ ಎಂದೋ, ಅರ್ಥವೇ ಇಲ್ಲದ ಹೊಸ ಪದವನ್ನೋ ಇಟ್ಟರೆ ಗಟ್ಟಿ. ವ್ಯಾಪಾರಿಗಳಿಗೆ ಇದು ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ. ಹೆಸರು ಕೇಳಿದ ಕೂಡಲೇ ಒಳಗೇನಿದೆ ತಿಳಿಯಬೇಕು ಎಂಬುದು ಅವರ ವಾದ. ಆ ಕೆಲಸಕ್ಕೆ ಪಾಕೀಟಿನ ಮೇಲೆ ಇನ್ನೊಂದು ಸಾಲು ಇದೆ.

ಅರ್ಜಿಯ ದಾರಿ ಸರಳ. ಮೊದಲು ಕೇಂದ್ರದ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಅದೇ ಹೆಸರು, ಅದೇ ಉಚ್ಚಾರದ ಹೆಸರು ಇದೆಯೇ ಎಂದು ಹುಡುಕಬೇಕು, ಇದಕ್ಕೆ ಶುಲ್ಕವಿಲ್ಲ. ಆಮೇಲೆ ವರ್ಗ ಆರಿಸಬೇಕು. ಒಟ್ಟು 45 ವರ್ಗಗಳಿವೆ: ಮಸಾಲೆ, ಖಾರಪುಡಿ, ರೊಟ್ಟಿ 30ರಲ್ಲಿ, ಉಪ್ಪಿನಕಾಯಿ 29ರಲ್ಲಿ, ಹಸಿ ತರಕಾರಿ 31ರಲ್ಲಿ, ಹಾಡಿನ ಪ್ಲೇಯರು 9ರಲ್ಲಿ. ಹೆಚ್ಚು ಜನ ಎಡವುವುದು ಇಲ್ಲೇ. ಚಟ್ನಿಪುಡಿಗೆಂದು 30ರಲ್ಲಿ ಮಾತ್ರ ನೋಂದಾಯಿಸಿ, ಎರಡು ವರ್ಷದ ಮೇಲೆ ಅದೇ ಹೆಸರಲ್ಲಿ ಉಪ್ಪಿನಕಾಯಿ ತಂದರೆ ಆ ಉಪ್ಪಿನಕಾಯಿಗೆ ನೋಂದಣಿಯ ರಕ್ಷಣೆ ತಾನಾಗಿ ಬರುವುದಿಲ್ಲ.

ಟಿಎಂ-ಎ ನಮೂನೆಯನ್ನು ಆನ್‌ಲೈನ್ ತುಂಬಿದರೆ ಒಂದು ವರ್ಗಕ್ಕೆ ವ್ಯಕ್ತಿಗಳಿಗೆ, ಸ್ಟಾರ್ಟ್‌ಅಪ್‌ಗೆ, ಸಣ್ಣ ಉದ್ದಿಮೆಗೆ 4,500 ರೂಪಾಯಿ, ಉಳಿದವರಿಗೆ 9,000. ಸಣ್ಣ ಉದ್ದಿಮೆ ಎಂದು ತೋರಿಸಲು ಉದ್ಯಮ್ ಪ್ರಮಾಣಪತ್ರ ಬೇಕು. ಹೆಸರು ಕನ್ನಡ ಲಿಪಿಯಲ್ಲಿದ್ದರೆ ಅದರ ಉಚ್ಚಾರ ಮತ್ತು ಅರ್ಥವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೊಡಬೇಕು. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ಪರಿಶೀಲನಾ ವರದಿಯಲ್ಲಿ ಆಕ್ಷೇಪಣೆ ಬಂದರೆ 30 ದಿನದೊಳಗೆ ಉತ್ತರಿಸಬೇಕು. ಇಮೇಲ್ ನೋಡದೆ ಈ ಗಡುವು ತಪ್ಪಿಸಿಕೊಂಡು ಅರ್ಜಿ ಬಿದ್ದುಹೋಗುವುದು ಸಾಮಾನ್ಯ. ಒಪ್ಪಿಗೆಯಾದರೆ ಹೆಸರು ಟ್ರೇಡ್‌ಮಾರ್ಕ್ ಜರ್ನಲಿನಲ್ಲಿ ಪ್ರಕಟವಾಗುತ್ತದೆ. ನಾಲ್ಕು ತಿಂಗಳಲ್ಲಿ ಯಾರೂ ವಿರೋಧಿಸದಿದ್ದರೆ ನೋಂದಣಿ. ಅದು ಹತ್ತು ವರ್ಷ ನಡೆಯುತ್ತದೆ, ಮತ್ತೆ ಹತ್ತಹತ್ತು ವರ್ಷಕ್ಕೆ ನವೀಕರಿಸಬಹುದು. ನೋಂದಣಿಗೆ ಮುಂಚೆ ಹೆಸರಿನ ಪಕ್ಕ ‘ಟಿಎಂ’ ಎಂದು ಹಾಕಬಹುದು. ವೃತ್ತದೊಳಗಿನ ‘ಆರ್’ ಹಾಕುವುದು ನೋಂದಣಿಯಾದ ಮೇಲೆ ಮಾತ್ರ, ಮೊದಲೇ ಹಾಕಿದರೆ ಕಲಂ 107ರ ಪ್ರಕಾರ ತಪ್ಪು.

ನೋಂದಾಯಿಸಿ ಬಳಸದೆ ಇಟ್ಟರೂ ಹೋಗುತ್ತದೆ. ಐದು ವರ್ಷ ಮೂರು ತಿಂಗಳು ಬಳಕೆಯಿಲ್ಲದಿದ್ದರೆ ಬೇರೆಯವರು ಕಲಂ 47ರಡಿ ತೆಗೆಸಲು ಕೇಳಬಹುದು.

ಇನ್ನು ವಾಕ್‌ಮನ್ ಕಾಯಿಲೆ ಬಾರದಂತೆ ನೋಡಿಕೊಳ್ಳುವುದು. ಜೋಳದ ರೊಟ್ಟಿಯನ್ನು ಸಣ್ಣ ತುಂಡು ಮಾಡಿ ಖಾರ ಹಚ್ಚಿ ಕರಿದು ಹೊಸ ತಿಂಡಿ ಮಾಡಿದಿರಿ ಎನ್ನಿ. ಪಾಕೀಟಿನ ಮೇಲೆ ದೊಡ್ಡದಾಗಿ ‘ಝುಮಕಿ’ ಎಂದಷ್ಟೇ ಬರೆದರೆ, ತಿಂಡಿ ಓಡಿದಷ್ಟೂ ಅಪಾಯ: ನೋಡಿ ಕಲಿತವರು ‘ನಮ್ಮಲ್ಲೂ ಝುಮಕಿ ಸಿಗುತ್ತದೆ’ ಎಂದು ಬೋರ್ಡು ಹಾಕುತ್ತಾರೆ. ಮೊದಲ ದಿನವೇ ಆ ತಿಂಡಿಗೆ ಯಾರು ಬೇಕಾದರೂ ಬಳಸಬಹುದಾದ ಒಂದು ಸಪ್ಪೆ ಹೆಸರು ಕೊಡಿ. ‘ಝುಮಕಿ ಜೋಳದ ರೊಟ್ಟಿ ಚಿಪ್ಸ್’. ಪ್ರತಿಸ್ಪರ್ಧಿಗೆ ಸಾಮಾನ್ಯ ಪದ ಕೊಟ್ಟರೆ ಅವನು ನಿಮ್ಮ ಪದಕ್ಕೆ ಕೈಹಾಕುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೂ ಪಾಕೀಟಿನ ಮುಂಭಾಗದಲ್ಲಿ ಆಹಾರದ ಹೆಸರು ಇರಬೇಕು ಎನ್ನುತ್ತದೆ. ಅದನ್ನು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ತುರುಕದೆ ಬ್ರ್ಯಾಂಡಿನ ಪಕ್ಕದಲ್ಲೇ ಹಾಕಿ. ಗದಗಿನ ಮುದ್ರಣಾಲಯದಲ್ಲಿ ಪಾಕೀಟಿನ ಪ್ರೂಫ್ ನೋಡುವಾಗ, ಝುಮಕಿ ಎಂಬುದನ್ನು ಎಲ್ಲ ಕಡೆ ಒಂದೇ ವಿನ್ಯಾಸದ ಅಕ್ಷರದಲ್ಲಿ, ಚಿಪ್ಸ್ ಎಂಬುದನ್ನು ಸಾಮಾನ್ಯ ಅಕ್ಷರದಲ್ಲಿ ಇಡಲು ಹೇಳಿ.

ಯಾರಾದರೂ ವ್ಯಾಪಾರಿ ನಿಮ್ಮ ಹೆಸರನ್ನು ವಸ್ತುವಿನ ಹೆಸರಾಗಿ ಬರೆದರೆ ಮೊದಲು ಬೋರ್ಡಿನ ಫೋಟೋ, ಒಂದು ಬಿಲ್ಲು, ಒಂದು ಪಾಕೀಟು ಇಟ್ಟುಕೊಳ್ಳಿ. ಆಮೇಲೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ. ಜಗಳ ಬೇಡ ಎಂದು ಬಿಡುವುದು ನಮ್ಮ ಕಡೆಯ ರೂಢಿ. ನಾಳೆ ಕೋರ್ಟಿನಲ್ಲಿ ಕೇಳುವುದು ‘ನೀವು ಅಂದು ಏನು ಮಾಡಿದಿರಿ?’ ಎಂದೇ.

ಧಾರವಾಡ ಪೇಡಾ ಯಾರದು?

ಇಷ್ಟೆಲ್ಲ ಓದಿದ ಮೇಲೆ ಬರುವ ಸಹಜ ಪ್ರಶ್ನೆ ಇದು. ‘ಧಾರವಾಡ ಪೇಡಾ’ ಯಾವುದೇ ಒಂದು ಅಂಗಡಿಯ ಟ್ರೇಡ್‌ಮಾರ್ಕ್ ಅಲ್ಲ. ಅದಕ್ಕಿರುವುದು ಭೌಗೋಳಿಕ ಗುರುತು, ಅಂದರೆ ಜಿಐ. ನೋಂದಣಿ ಸಂಖ್ಯೆ 85. ಬ್ಯಾಡಗಿ ಮೆಣಸಿನಕಾಯಿ, ನವಲಗುಂದದ ಜಮಖಾನ, ಕಸೂತಿಗೂ ಇದೇ ರಕ್ಷಣೆ ಇದೆ. ಟ್ರೇಡ್‌ಮಾರ್ಕ್ ಹೇಳುವುದು ಮಾಡಿದವರು ಯಾರು ಎಂದು. ಜಿಐ ಹೇಳುವುದು ಎಲ್ಲಿ, ಹೇಗೆ ಮಾಡಿದ್ದು ಎಂದು. ಆ ಪ್ರದೇಶದಲ್ಲಿ, ನೋಂದಾಯಿತ ವಿವರಣೆಯಲ್ಲಿರುವ ಕ್ರಮದಲ್ಲಿ ಮಾಡುವ ಯಾರು ಬೇಕಾದರೂ ಅಧಿಕೃತ ಬಳಕೆದಾರರಾಗಲು ಅರ್ಜಿ ಹಾಕಬಹುದು. ಇದನ್ನೂ ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು.

ಆದ್ದರಿಂದ ಒಂದೇ ಡಬ್ಬಿಯ ಮೇಲೆ ಎರಡೂ ಇರುತ್ತವೆ: ಮೇಲೆ ಅಂಗಡಿಯ ಹೆಸರು, ಅದು ಟ್ರೇಡ್‌ಮಾರ್ಕ್, ಕೆಳಗೆ ‘ಧಾರವಾಡ ಪೇಡಾ’, ಅದು ಜಿಐ. ಟ್ರೇಡ್‌ಮಾರ್ಕನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು, ಮಕ್ಕಳಿಗೆ ಹಂಚಬಹುದು. ಜಿಐಯನ್ನು ಮಾರಲೂ ಬರುವುದಿಲ್ಲ, ಅಡವಿಡಲೂ ಬರುವುದಿಲ್ಲ. ಜಿಐ ಕಾಯ್ದೆಯ ಕಲಂ 24 ಅದನ್ನು ತಡೆಯುತ್ತದೆ. ಪೇಡಾ ಮಾಡುವ ಮನೆಯ ಮಗ ಬೆಂಗಳೂರಿಗೆ ಹೋಗಿ ಅಲ್ಲೇ ಒಲೆ ಹೂಡಿದರೆ ಅಂಗಡಿಯ ಹೆಸರು ಅವನ ಜೊತೆ ಹೋಗುತ್ತದೆ. ಅಲ್ಲಿ ಮಾಡಿದ ಪೇಡಾದ ಡಬ್ಬಿಯ ಮೇಲೆ ‘ಧಾರವಾಡ’ ಎಂದು ಬರೆಯುವಂತಿಲ್ಲ.